ರಂಗಂಪೇಟೆಯ ಮಗ್ಗ

ಯಾದಗಿರಿಯಲ್ಲಿ ರೈಲಿಳಿದು ಸುರಪುರಕ್ಕೆ ಹೋಗತಕ್ಕವರು ಭೀಮಾನದಿಯನ್ನು ದಾಟಬೇಕು. ಶಹಾಪುರವು ಸಮೀಪಿಸುತ್ತಲೇ ಬೆಟ್ಟಗಳ ಸಾಲು ಮಲಗಿದ ಬುದ್ಧನಂತೆ ತೋರುವುದು. ಹಣೆ, ಮೂಗು, ಗದ್ದಗಳನ್ನು ಮಕ್ಕಳೂ ಗುರುತಿಸಬಲ್ಲರು. ಅಲ್ಲಿಂದ ಮುಂದೆ ಗುಡ್ಡಗಳ ಮಡಿಲಲ್ಲಿ ನಾಯಕರ ರಾಜಧಾನಿಯಾಗಿದ್ದ ಸುರಪುರ. ನೋಡಬಂದವರೆಲ್ಲ ಮೆಡೋಸ್ ಟೇಲರ್ ಸಾಹೇಬನ ಬಂಗಲೆಯನ್ನು ಕೇಳುವರು. ತಂದೆಯಿಲ್ಲದ ಬಾಲಕ ರಾಜಾ ವೆಂಕಟಪ್ಪನಾಯಕನು ಆತನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಅದೇ ರಾಜನು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಳಾಗಿ ತೀರಿಕೊಂಡನು.

ನಾವು ಹೋದುದು ಬಂಗಲೆಗಾಗಿ ಅಲ್ಲ. ಊರಿಗೆ ತಾಗಿಕೊಂಡಿರುವ ರಂಗಂಪೇಟೆಯಲ್ಲಿ ನಮ್ಮ ತೀರ್ಥರೂಪರು ಮಗ್ಗ ನಡೆಸಿದ್ದರು. ಪರಸ್ಥಳದಲ್ಲಿ ಕಾಗದಪತ್ರಗಳ ಉದ್ಯೋಗ ಹಿಡಿದಿದ್ದ ನಾವು ಅವರ ಕಾಲಾನಂತರ ಮೂರು ತಿಂಗಳ ರಜೆ ಪಡೆದು, ಆ ಕಸುಬನ್ನು ಕಲಿಯಲು ಕುಳಿತೆವು. ಕಲಿಸಿದವರು ನಮ್ಮ ಸೋದರತ್ತೆಯವರು. ಹೆಂಗಸರು ಕಂಡಿಕೆ ಸುತ್ತುವುದನ್ನಷ್ಟೇ ಬಲ್ಲರೆಂದು ತಿಳಿದವರು ಅವರೆದುರು ಒಂದು ಗಳಿಗೆ ಕುಳಿತು ನೋಡಬೇಕು.

ಕುಣಿಮಗ್ಗದ ಕುಣಿಯು ನೇಯುವವನ ಕಾಲಿನ ಅಳತೆಗೆ ತೋಡಿದ್ದು. ತೀರ್ಥರೂಪರು ನೀಳಕಾಯದವರು, ನಮ್ಮ ಪಾದಗಳು ತುಳಿಮಣೆಗೆ ಎಟುಕಲಿಲ್ಲ. ಕುಣಿಯನ್ನು ಮಣ್ಣು ತುಂಬಿ ಎತ್ತರಿಸಲು ಅತ್ತೆಯವರು ಒಪ್ಪಲಿಲ್ಲ. ತುಳಿಮಣೆಯ ಹಗ್ಗವನ್ನು ನಾಲ್ಕು ಬೆರಳು ಮೋಟುಮಾಡಿಕೊಟ್ಟರು.

ಕೊನೆಯ ಸೀರೆಯನ್ನು ಕೊಯ್ದು ತೆಗೆದ ಮೇಲೆ ಅವರ ಹಾಸು ಮೊಳದಷ್ಟು ಹಣಿಗೆಯಲ್ಲಿಯೇ ಉಳಿದಿತ್ತು. ಅದನ್ನು ನೇಕಾರರು ಎಳೆದೊಗೆಯುವುದಿಲ್ಲ. ಬೆರಳಿಗೆ ಬೂದಿ ಮುಟ್ಟಿಸಿ, ಹಳೆಯ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸುವರು. ಇದಕ್ಕೆ ಕೆಚ್ಚುವುದೆಂದು ಹೆಸರು. ಕೆಚ್ಚದಿದ್ದರೆ ಸಾವಿರಾರು ಎಳೆಗಳನ್ನು ಹಣಿಗೆಯ ಸಂದುಗಳಲ್ಲಿ ಮೊದಲಿನಿಂದ ಪೋಣಿಸಬೇಕಾದೀತು. ಬಸವಣ್ಣನವರಿಗಿಂತಲೂ ಹಿಂದಿನವನಾದ ಜೇಡರ ದಾಸಿಮಯ್ಯನು ಇದೇ ಸೀಮೆಯ ಮುದನೂರಿನವನು. ವಚನ ನುಡಿದ ಆ ನೇಕಾರನ ಬೆರಳುಗಳಿಗೂ ಈ ಕೆಲಸ ತಪ್ಪಿರಲಾರದು. ನಮಗೆ ನಾಲ್ಕು ದಿನ ಹಿಡಿಯಿತು. ಎಳೆ ಎಳೆಗೂ ಒಂದು ತುದಿ ಅವರದು, ಒಂದು ನಮ್ಮದು.

ಮೂರನೆಯ ದಿನ ಎಡದಂಚಿನ ಬಳಿ ಒಂದು ಸಂದಿನಲ್ಲಿ ಒಂದೆಳೆ ಹೆಚ್ಚಾಗಿರುವುದು ಕಂಡಿತು. ಕಣ್ಣು ಮಂಜಾದ ಮೇಲೆ ಅವರೇ ಪೋಣಿಸಿದ್ದು. ಕೆಚ್ಚಿದ ಹಾಸು ಹಳೆಯದರ ಜಾಡನ್ನೇ ಹಿಡಿಯುವುದರಿಂದ, ಅಲ್ಲಿಂದೀಚೆಗಿನ ಅವರ ಬಟ್ಟೆಗಳಲ್ಲೆಲ್ಲ ಕೂದಲಿನಷ್ಟು ಸಣ್ಣ ಗೀರೊಂದು ಉದ್ದಕ್ಕೂ ಓಡುತ್ತಿತ್ತು. ಮನೆಯಲ್ಲಿದ್ದ ಸೀರೆಯನ್ನು ಬಿಡಿಸಿ ಅತ್ತೆಯವರು ತೋರಿಸಿದರು. “ಎಳೆಯನ್ನು ಬಿಡಿಸಲೇ?” ಎಂದು ಕೇಳಿದರು. ಬೇಡವೆಂದೆವು.

ನಮ್ಮ ಮೊದಲ ಸೀರೆಯಲ್ಲಿಯೂ ಆ ಗೀರು ಮೂಡಿತು. ಪೇಟೆಯ ವರ್ತಕನು ಅದನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ, ಬೆಲೆಯಲ್ಲಿ ಕಡಿತ ಹೇಳಿದನು. ಅತ್ತೆಯವರು ಚೌಕಾಸಿಗಿಳಿಯದೆ ಹಣ ಎಣಿಸಿಕೊಂಡರು. ಹೊರಗೆ ಬಂದ ಮೇಲೆ, “ನಿಮ್ಮಪ್ಪನಿಗೂ ಇಷ್ಟೇ ಕಡಿಯುತ್ತಿದ್ದ” ಎಂದರು.