ಬಿಸಿಲಿನ ಆಲೆಮನೆ

ದಕ್ಷತೆ ಎಂಬ ಮಾತಿಗೆ ಈಚೆಗೆ ಬಹಳ ಮರ್ಯಾದೆ ಬಂದಿದೆ. ಗುಮಾಸ್ತನಿಂದ ಹಿಡಿದು ಗಿರಣಿಯವರೆಗೆ ಎಲ್ಲವನ್ನೂ ಅದೊಂದೇ ಕೋಲಿನಿಂದ ಅಳೆಯುತ್ತೇವೆ. ಆದರೆ ದಕ್ಷತೆಗೂ ಒಂದು ಬೆಲೆಯುಂಟು. ಅದನ್ನು ತೆರುವವರು ಯಾರು, ತೆತ್ತವರಿಗೆ ದಕ್ಕುವುದೇನು ಎಂದು ವಿಚಾರಿಸುವವರು ಕಡಮೆ.

ಮಂಡ್ಯದ ಬಳಿಯ ಬಸರಾಳಿನಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಚಿಕ್ಕಪ್ಪ ವಿಚಾರಿಸಿದರು. ಬೋರ್‌ವೆಲ್ಲಿನ ಪಂಪಿಗೆ ಸೌರಫಲಕ ಹಾಕಿಸುವ ಯೋಚನೆ ಅವರದು. ಬಿದ್ದ ಬಿಸಿಲಿನಲ್ಲಿ ನೂರಕ್ಕೆ 20 ಪಾಲು ವಿದ್ಯುತ್ತಾಗುತ್ತದೆ ಎಂದು ಮಾರಲು ಬಂದವನು ಹೇಳಿದ್ದ. ಉಪಗ್ರಹಗಳ ಫಲಕದಲ್ಲಿ 30 ಪಾಲು ಎಂದು ಇವರು ಎಲ್ಲಿಯೋ ಕೇಳಿದ್ದರು. “ಅಲ್ಲ ಕಣ್ಲ ಮಗ, ಆಕಾಶಕ್ಕೆ ಹೋಗೋದಕ್ಕೆ ಮೂವತ್ತು, ನಮ್ಮ ಹೊಲಕ್ಕೆ ಇಪ್ಪತ್ತು. ನಾವೇನು ಪಾಪ ಮಾಡಿದ್ದೋ?” ಎಂದರು.

ಇದು ಪಾಪಪುಣ್ಯದ ಮಾತಲ್ಲ, ಆಲೆಮನೆಯ ಮಾತು. ಗಾಣದಲ್ಲಿ ಒಮ್ಮೆ ಅರೆದ ಕಬ್ಬಿನ ಸಿಪ್ಪೆಯಲ್ಲಿ ಇನ್ನೂ ರಸ ಉಳಿದಿರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಾದರೆ ಗಾಣಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಒಂದು ಬಿಟ್ಟದ್ದನ್ನು ಮುಂದಿನದು ಹಿಂಡುತ್ತದೆ. ಬಿಸಿಲಿನ ಕಥೆಯೂ ಹೀಗೆಯೆ. ನೀಲಿ ಕಿರಣಕ್ಕೆ ಕಸುವು ಹೆಚ್ಚು, ಕೆಂಪಿಗೆ ಕಡಮೆ. ಮಾಮೂಲು ಸಿಲಿಕಾನ್ ಕೋಶಕ್ಕೆ ಇರುವುದು ಒಂದೇ ಹೊಸ್ತಿಲು. ಅದನ್ನು ದಾಟುವಷ್ಟು ಕಸುವಿಲ್ಲದ ಕಿರಣ ಸುಮ್ಮನೆ ಹಾದುಹೋಗುತ್ತದೆ. ನೀಲಿಯು ದಾಟಿದರೂ ಅದರ ಮಿಕ್ಕ ಕಸುವು ಬರಿಯ ಕಾವಾಗಿ ಹಾಳಾಗುತ್ತದೆ. ಒಂಟಿ ಹೊಸ್ತಿಲಿನ ಕೋಶವನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಮೂವತ್ತರ ಆಸುಪಾಸಿನಲ್ಲಿ ನಿಲ್ಲಬೇಕೆಂದು ಶಾಕ್ಲಿ ಮತ್ತು ಕ್ವೀಸರ್ 1961ರಲ್ಲಿಯೇ ಲೆಕ್ಕಹಾಕಿ ತೋರಿಸಿದರು.

ಆದ್ದರಿಂದ ಉಪಗ್ರಹದ ಕೋಶಕ್ಕೆ ಮೂರು ಪದರ. ಮೇಲಿನ ಇಂಡಿಯಂ ಗ್ಯಾಲಿಯಂ ಫಾಸ್ಫೈಡ್ ನೀಲಿಯನ್ನು ಹಿಡಿಯುತ್ತದೆ. ಅದು ಬಿಟ್ಟದ್ದನ್ನು ನಡುವಿನ ಗ್ಯಾಲಿಯಂ ಆರ್ಸೆನೈಡ್. ಕೆಂಪಿಗೂ ಆಚೆಯದನ್ನು ಅಡಿಯ ಜರ್ಮೇನಿಯಂ. ಆದರೆ ಮೂರನ್ನೂ ಒಂದೇ ನೊಗಕ್ಕೆ ಹೂಡಿದಂತಾಯಿತಷ್ಟೆ. ಮೂರರಲ್ಲಿಯೂ ಹರಿಯುವ ಪ್ರವಾಹ ಒಂದೇ ಆಗಿರಬೇಕು. ಎತ್ತು ಏರಿಗೆ, ಕೋಣ ನೀರಿಗೆ ಎಂದಾದರೆ ಕೆಲಸ ಕೆಟ್ಟಿತು. ಆಕಾಶದಲ್ಲಿ ಬಿಸಿಲಿನ ಬಣ್ಣ ಬದಲಾಗದು. ಬಸರಾಳಿನಲ್ಲಿ ಸಂಜೆಯಾಯಿತೆಂದರೆ ಬಿಸಿಲು ಕೆಂಪಾಗುತ್ತದೆ. ನೀಲಿ ಸಾಲದೆ ಮೇಲಿನ ಪದರ ಸೊರಗಿದರೆ ಮಿಕ್ಕೆರಡೂ ಅದರ ಹೆಜ್ಜೆಗೇ ಇಳಿಯಬೇಕು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು 2022ರಲ್ಲಿ ನಾಲ್ಕು ಪದರದ ಕೋಶದಿಂದ 47.6 ಪಾಲು ತೆಗೆದದ್ದುಂಟು. ಆದರೆ ಅದಕ್ಕೆ ಬಿಸಿಲನ್ನು 665 ಮಡಿ ಒಟ್ಟುಗೂಡಿಸಬೇಕಾಯಿತು. ಹಾಗೆ ಒಟ್ಟುಗೂಡಿಸುವ ಮಸೂರ ದಿನವೆಲ್ಲ ಸೂರ್ಯನ ಕಡೆಗೆ ತಿರುಗುತ್ತಿರಬೇಕು. ಆಷಾಢದ ಮೋಡ ಕವಿದರೆ ಅದಕ್ಕೆ ರಜ.

ಇನ್ನು ಬೆಲೆ. ಬಸರಾಳಿನ ಮಲ್ಲಿಕಾರ್ಜುನನ ಗುಡಿಯನ್ನು 1234ರ ಸುಮಾರಿನಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ. ಬಳಪದ ಕಲ್ಲಿನಲ್ಲಿ ಬೆರಳಗಲ ಜಾಗವನ್ನೂ ಬಿಡದೆ ಕೆತ್ತಿದ್ದಾರೆ. ಹಾಗೆಂದು ಊರಿನವರು ದನದ ಕೊಟ್ಟಿಗೆಯನ್ನು ಬಳಪದ ಕಲ್ಲಿನಲ್ಲಿ ಕಟ್ಟಲಿಲ್ಲ. ಮೂರು ಪದರದ ಕೋಶವೂ ಅಂಥ ಕುಸುರಿಯ ಕೆಲಸ; ಹರಳಿನ ಮೇಲೆ ಹರಳನ್ನು ಅಣುವಿನ ಸಾಲುಗಟ್ಟಿ ಬೆಳೆಸಬೇಕು. ತೂಕದ ಒಂದೊಂದು ಕಿಲೋಗ್ರಾಮಿಗೂ ಹಣ ಸುರಿಯುವ ಉಪಗ್ರಹಕ್ಕೆ ಅದು ಕಟ್ಟಿಬರುತ್ತದೆ.

ಚಿಕ್ಕಪ್ಪನಿಗೆ ಲೆಕ್ಕ ಮಾಡಿ ತೋರಿಸಿದೆ. ಅವರಿಗೆ ಬೇಕಾದದ್ದು 5 ಕಿಲೋವಾಟ್. ಇಪ್ಪತ್ತು ಪಾಲಿನ ಫಲಕವಾದರೆ 25 ಚದರ ಮೀಟರು ಬೇಕು. ಮೂವತ್ತರದಾದರೆ 17 ಸಾಕು. ಉಳಿಯುವ 8 ಚದರ ಮೀಟರು ಒಂದು ತೆಂಗಿನ ಸಸಿಗೂ ಸಾಲದು. “ಹಂಗಾದ್ರೆ ಇಪ್ಪತ್ತರದೇ ಸಾಕು ಬಿಡು” ಎಂದರು.

ಅವರ ಹೊಲಕ್ಕೆ ಸಾಕು, ನಾಡಿಗೆಲ್ಲ ಸಾಕೆನ್ನಲಾರೆ. ಪಾವಗಡದಲ್ಲಿ 2050 ಮೆಗಾವಾಟಿನ ಸೌರ ಪಾರ್ಕಿಗೆಂದು ರೈತರು ಸುಮಾರು 13,000 ಎಕರೆಯನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಇನ್ನೊಂದು ಅಂಥ ಪಾರ್ಕು ಕಟ್ಟುವಾಗ ಇಪ್ಪತ್ತರ ಬದಲು ಮೂವತ್ತು ಪಾಲು ದೊರೆತರೆ ನೆಲದಲ್ಲಿ ಮೂರನೆಯ ಒಂದು ಪಾಲು ಉಳಿಯುತ್ತದೆ. ಎಂಟು ಚದರ ಮೀಟರಿನ ಲೆಕ್ಕ ಅಲ್ಲಿ ನಾಲ್ಕು ಸಾವಿರ ಎಕರೆಯಾಗಿ ಬೆಳೆಯುತ್ತದೆ. ಅಗ್ಗದ ಸಿಲಿಕಾನಿನ ಮೇಲೆ ಪೆರೋವ್‌ಸ್ಕೈಟ್ ಎಂಬ ಇನ್ನೊಂದು ಪದರ ಹೊದಿಸಿ 2024ರಲ್ಲಿ ಚೀನಾದ ಕಂಪನಿಯೊಂದು ಪ್ರಯೋಗಶಾಲೆಯಲ್ಲಿ 34.6 ಪಾಲು ಮುಟ್ಟಿದೆ. ಆ ಪದರ ತೇವಕ್ಕೂ ಕಾವಿಗೂ ಬೇಗ ಸೋಲುತ್ತದೆ. ಇಪ್ಪತ್ತೈದು ಬೇಸಗೆ, ಇಪ್ಪತ್ತೈದು ಮಳೆಗಾಲ ತಾಳುವಂತೆ ಅದನ್ನು ಮಾಡಿದವರು ಬಿಸಿಲಿನಿಂದ ವಿದ್ಯುತ್ತನ್ನಷ್ಟೇ ತೆಗೆದಂತಾಗುವುದಿಲ್ಲ, ರಾಗಿ ಬೆಳೆಯುವ ಹೊಲವನ್ನೂ ಉಳಿಸಿಕೊಟ್ಟಂತಾಗುತ್ತದೆ.