ಅರ್ಧ ಬೆರಳಿನ ಕಥೆ



ಕಳೆದ ದೀಪಾವಳಿಗೆ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮೊಮ್ಮಗ, ಎಲೆಯ ಮುಂದೆ ಕುಳಿತು, ತಾನು ಕೆಲಸ ಬಿಟ್ಟು ಒಂದು ವರ್ಷ ದೇಶ ಸುತ್ತುವುದಾಗಿಯೂ, ಕೈಯಲ್ಲಿ ಕಾಸು ಮುಗಿದಾಗ ಹೋದ ಊರಿನಲ್ಲೇ ತೋಟದಲ್ಲೋ ಹೋಟೆಲಿನಲ್ಲೋ ದುಡಿಯುವುದಾಗಿಯೂ ಸಾರಿದ. "ಅಲೆಮಾರಿ ಬದುಕಿನ ಸುಖ ನಿಮಗೆಲ್ಲಾ ಗೊತ್ತಿಲ್ಲ ತಾತ" ಎಂದ. ಅವನ ತಾಯಿ ಕಣ್ಣೊರೆಸಿಕೊಂಡಳು, ಉಳಿದವರು ನಕ್ಕರು. ಅಕ್ಕ ಮಾತ್ರ ಒಮ್ಮೆ ನನ್ನ ಮುಖ ನೋಡಿ, ಏನೂ ಮಾತನಾಡದೆ ಪಾಯಸ ಬಡಿಸತೊಡಗಿದಳು. ಆ ಮನೆಯಲ್ಲಿದ್ದವರ ಪೈಕಿ ನನ್ನ ಹತ್ತು ವರ್ಷಗಳ ಕಥೆ ಗೊತ್ತಿದ್ದವಳು ಅವಳೊಬ್ಬಳೇ.

ನನ್ನ ಎಡಗೈಯ ಉಂಗುರದ ಬೆರಳು ಅರ್ಧವೇ ಇರುವುದನ್ನು ನನ್ನ ಬಳಿ ಓದಿದ ನೀವೆಲ್ಲರೂ ಬಲ್ಲಿರಿ. ಅದರ ಬಗ್ಗೆ ನೀವು ಕಟ್ಟಿದ್ದ ಕಥೆಗಳೂ ನನ್ನ ಕಿವಿಗೆ ಬಿದ್ದಿದ್ದವು. ಹಾವು ಕಚ್ಚಿದಾಗ ಮೇಷ್ಟ್ರೇ ಕತ್ತರಿಸಿಕೊಂಡರೆಂದು ಕೆಲವರು, ಯುದ್ಧಕ್ಕೆ ಹೋಗಿದ್ದರೆಂದು ಕೆಲವರು. ಧೈರ್ಯ ಮಾಡಿ ಕೇಳಿದವರಿಗೆ "ಬಾಗಿಲಿಗೆ ಸಿಕ್ಕಿತ್ತು" ಎಂದು ಹೇಳಿ ಸುಮ್ಮನಾಗಿಸುತ್ತಿದ್ದೆ. ಅದು ಸುಳ್ಳು. ಸುಳ್ಳು ಹೇಳಬಾರದೆಂದು ನಿಮಗೆ ಪಾಠ ಹೇಳಿದವನು ಈ ಎಪ್ಪತ್ತನೆಯ ವಯಸ್ಸಿನಲ್ಲಾದರೂ ನಿಜ ಹೇಳಬೇಡವೇ?

ನಮ್ಮದು ಮಳವಳ್ಳಿ ತಾಲ್ಲೂಕಿನ ಹಲಗೂರು ಕಡೆಯ ಒಂದು ಸಣ್ಣ ಹಳ್ಳಿ. ಮಂಡ್ಯ ಎಂದೊಡನೆ ಹೊರಗಿನವರಿಗೆ ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, ಕಬ್ಬಿನ ಗದ್ದೆ, 1933ರಲ್ಲಿ ಹುಟ್ಟಿದ ಸಕ್ಕರೆ ಕಂಪನಿ ನೆನಪಾಗುತ್ತವೆ. ಆದರೆ ನಾಲೆಯ ನೀರು ಎಲ್ಲರ ಹೊಲವನ್ನೂ ಹುಡುಕಿಕೊಂಡು ಬರುವುದಿಲ್ಲ. ನಮ್ಮ ತಂದೆಯವರದು ಎರಡು ಎಕರೆ ಖುಷ್ಕಿ. ಮಳೆ ಬಂದರೆ ರಾಗಿ, ಹುರುಳಿ, ಬಾರದಿದ್ದರೆ ಆಕಾಶ. 1972ರಲ್ಲಿ ಮಳೆ ಕೈಕೊಟ್ಟಿತು. ಅದೇ ವರ್ಷ ನಾನು ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ ನಪಾಸಾದೆ. ಮನೆಯಲ್ಲಿ ಯಾರೂ ಬೈಯಲಿಲ್ಲ. ಬೈಯುವುದಕ್ಕೂ ಹೊಟ್ಟೆಯಲ್ಲಿ ಒಂದಿಷ್ಟು ಹಿಟ್ಟಿರಬೇಕು. ಮದ್ದೂರು ಸೀಮೆಯ ಆಲೆಮನೆಗಳಲ್ಲಿ ಪಾಕ ನೋಡುತ್ತಿದ್ದ ನನ್ನ ಸೋದರಮಾವ ಬಂದು, "ಒಂದೂರ ನೀರು ಕುಡ್ಕಂಡು ಬದ್ಕಾಕಾಗಾಕಿಲ್ಲ ಕಣ್ಲಾ, ನಡಿ ನಂಜೊತೆ" ಎಂದರು. ನನ್ನ ಹೆಸರಿನಲ್ಲಿ ಪಡೆದ 150 ರೂಪಾಯಿ ಮುಂಗಡವನ್ನು ತಂದೆಯವರ ಕೈಗಿತ್ತರು. ಹದಿನಾರು ವರ್ಷದ ನಾನು ಒಂದು ಕಂಬಳಿ, ಒಂದು ತಟ್ಟೆ ಹಿಡಿದು ಹೊರಟೆ.

ಹಾಗೆ ಆರಂಭವಾದ ಅಲೆದಾಟ 1982ರವರೆಗೆ ನಡೆಯಿತು. ನಮಗೆ ಕ್ಯಾಲೆಂಡರು ಬೇಕಿರಲಿಲ್ಲ, ಬೆಳೆಯೇ ತಿಂಗಳನ್ನು ಹೇಳುತ್ತಿತ್ತು. ನಾಲೆಗೆ ನೀರು ಬಿಟ್ಟು ಆಷಾಢ ಕಳೆಯುತ್ತಿದ್ದಂತೆ ಮಂಡ್ಯ, ಮದ್ದೂರಿನ ಗದ್ದೆಗಳಲ್ಲಿ ಭತ್ತದ ನಾಟಿ. ಹೆಂಗಸರು ನಾಟಿ ಹಾಕಿದರೆ ನಾವು ಪೈರಿನ ಕಟ್ಟು ಹೊತ್ತು ಹಾಕಬೇಕು. ನಾಟಿ ಮುಗಿದ ಮೇಲೆ ಆಲೆಮನೆ. ಕಾರ್ತಿಕ ಕಳೆದರೆ ಭತ್ತದ ಕಟಾವು, ಅದರ ಹಿಂದೆಯೇ ನಮ್ಮ ಕಡೆಯ ರಾಗಿ ಕೊಯ್ಲು, ಕಣದ ಕೆಲಸ. ಸಂಕ್ರಾಂತಿಯ ನಂತರ ಮತ್ತೆ ಕಬ್ಬು. ಬೇಸಿಗೆಯಲ್ಲಿ ನಾಲೆ ಒಣಗಿದಾಗ ಹೂಳೆತ್ತುವ ಕೂಲಿ. ಅದು ಸಿಗದಿದ್ದರೆ ಮಳವಳ್ಳಿ ಕಡೆಯ ರೇಷ್ಮೆ ಮನೆಗಳಲ್ಲಿ ಸೊಪ್ಪು ಕೊಯ್ಯುವ ಕೆಲಸ. ಮತ್ತೆ ಆಷಾಢ. ಕೆಲಸವಿಲ್ಲದ ರಾತ್ರಿಗಳಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ಮಲಗಿದ್ದೂ ಉಂಟು. ಆಗಿನ್ನೂ ಮೀಟರ್ ಗೇಜ್ ಹಳಿ. ರೈಲು ಬಂದಾಗ ವಡೆಯ ವಾಸನೆ ನಮ್ಮ ಕಂಬಳಿಯವರೆಗೂ ಬರುತ್ತಿತ್ತು. ವಾಸನೆಗೆ ಕಾಸು ಕೊಡಬೇಕಿರಲಿಲ್ಲವಾದ್ದರಿಂದ ಎದ್ದು ಕುಳಿತು ಧಾರಾಳವಾಗಿ ಅನುಭವಿಸುತ್ತಿದ್ದೆವು!

ಸುಖವೇ ಇರಲಿಲ್ಲವೆಂದರೆ ಅದೂ ಸುಳ್ಳಾದೀತು. ಆಲೆಮನೆಯ ರಾತ್ರಿಗಳ ಸೊಗಸನ್ನು ನಾನು ಇಂದಿಗೂ ಮರೆತಿಲ್ಲ. ಕೊಪ್ಪರಿಗೆಯಲ್ಲಿ ಹಾಲು ಕುದಿಯತೊಡಗಿದರೆ, ಅಂದರೆ ಕಬ್ಬಿನ ಹಾಲು, ಮೇಲೆ ಮಡ್ಡಿ ಉಬ್ಬಿ ಬರುತ್ತದೆ. ಹದವರಿತು ಸುಣ್ಣ ಹಾಕಬೇಕು, ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆ ಬಿಡಬೇಕು. ಕಸವೆಲ್ಲ ಮೇಲೆದ್ದಾಗ ತೆಗೆಯಬೇಕು. ಪಾಕ ಏರುತ್ತಿದ್ದಂತೆ ನಮ್ಮ ಮಾವ ಅದರ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ, ಕಣ್ಣು ಮುಚ್ಚಿ ನೋಡುತ್ತಿದ್ದರು. ಮೆತ್ತನೆಯ ಉಂಡೆ ಕಟ್ಟಿದರೆ "ಇಳಿಸ್ರಲಾ" ಎಂದು ಒಂದೇ ಕೂಗು. ಒಂದು ಗಳಿಗೆ ಮುಂಚೆಯಾದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದು, ಒಂದು ಗಳಿಗೆ ತಡವಾದರೆ ಬಣ್ಣ ಕಪ್ಪಾಗಿ ಮಾರುಕಟ್ಟೆಯಲ್ಲಿ ಬೆಲೆ ಬಾರದು. ಒಂದು ಟನ್ನು ಕಬ್ಬು ಅರೆದರೆ ಸುಮಾರು ಒಂದು ಕ್ವಿಂಟಾಲ್ ಬೆಲ್ಲ. ಆ ಲೆಕ್ಕವೆಲ್ಲ ಒಂದು ಅಕ್ಷರವೂ ಬಾರದ ನನ್ನ ಮಾವನ ಬೆರಳ ತುದಿಯಲ್ಲಿತ್ತು. ತರಬೇತಿ ಸಂಸ್ಥೆಯಲ್ಲಿ ನಾನು ಮುಂದೆ ಕಂಡ ಅನೇಕ ಗುರುಗಳಿಗಿಂತ ಅವರು ದೊಡ್ಡ ಗುರುಗಳೆಂದು ಇಂದಿಗೂ ನಂಬಿದ್ದೇನೆ.

ಬೆರಳು ಹೋದದ್ದು ಅಂಥದ್ದೇ ಒಂದು ರಾತ್ರಿ, 1976ರಲ್ಲಿ. ಗಾಣಕ್ಕೆ ಕಬ್ಬು ಕೊಡುತ್ತಿದ್ದವನು ನಾನು. ಕರೆಂಟು ಹೋಗಿ ಗಾಣ ನಿಂತಿತು. ನಡುವೆ ಸಿಕ್ಕಿಕೊಂಡಿದ್ದ ಸಿಪ್ಪೆಯನ್ನು ಕತ್ತಲಲ್ಲೇ ಎಳೆಯುತ್ತಿದ್ದೆ. ಸ್ವಿಚ್ಚು ಆರಿಸಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ಕರೆಂಟು ಬಂತು. ಮಾವ ಓಡಿಬಂದು ನಿಲ್ಲಿಸದಿದ್ದರೆ ಕೈಯೇ ಹೋಗುತ್ತಿತ್ತು. ಮಾಲೀಕರು ಆಸ್ಪತ್ರೆಗೆ ಕರೆದೊಯ್ದರು, ಬಾಕಿಯಿದ್ದ ಮುಂಗಡವನ್ನು ವಜಾ ಮಾಡಿದರು. ಆ ಕಾಲಕ್ಕೆ ಅದೇ ದೊಡ್ಡ ಧರ್ಮವೆಂದು ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ. ಅರ್ಧ ಬೆರಳಿನ ಬೆಲೆ ಎಷ್ಟೆಂದು ನನಗೆ ತಿಳಿದದ್ದು ಹಾಗೆ.

ಆ ಕೈಯಲ್ಲಿ ಭಾರದ ಕೆಲಸ ಆಗದಾದ್ದರಿಂದ ಮಳವಳ್ಳಿ ಕಡೆ ಒಂದು ರೇಷ್ಮೆ ಮನೆ ಸೇರಿದೆ. ಆ ಮನೆಯ ಯಜಮಾನರು ಶಾಲಾ ಮೇಷ್ಟ್ರು. ಹುಳು ನಾಲ್ಕನೆಯ ಜ್ವರ ಎದ್ದ ಮೇಲೆ ಹಗಲಿರುಳೆನ್ನದೆ ಸೊಪ್ಪು ಹಾಕಬೇಕು. ವಾರದ ಬಳಿಕ ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಹೊತ್ತು ಕಳೆಯಲು ನಾನು ಗೋಡೆಯ ಮೇಲೆ ಇದ್ದಿಲಿನಲ್ಲಿ ಸೊಪ್ಪಿನ ಲೆಕ್ಕ ಬರೆಯುತ್ತಿದ್ದೆ. ಅದನ್ನು ಕಂಡ ಮೇಷ್ಟ್ರು, "ಇಷ್ಟು ಚೆನ್ನಾಗಿ ಲೆಕ್ಕ ಮಾಡೋನು ಗಣಿತಕ್ಕೆ ಹೆಂಗಯ್ಯಾ ಫೇಲಾದೆ?" ಎಂದು ಕೇಳಿದರು. ಅವರೇ ಪುಸ್ತಕ ಕೊಟ್ಟರು, ಖಾಸಗಿಯಾಗಿ ಪರೀಕ್ಷೆ ಕಟ್ಟುವಂತೆ ಮಾಡಿದರು. ಅದಕ್ಕೆ ನನ್ನ ಹಳೆಯ ಶಾಲೆಯಿಂದ ಕಾಗದಪತ್ರ ಬೇಕಾಯಿತು. ಎಂಟು ವರ್ಷದ ಹಿಂದೆ ಹೇಳದೆ ಕೇಳದೆ ಹೋದವನಿಗೆ ಯಾರು ಕೊಡುತ್ತಾರೆ ಎಂಬ ಅಳುಕಿನಿಂದಲೇ ಹೋದೆ. ಮುಖ್ಯೋಪಾಧ್ಯಾಯರು ಹಳೆಯ ದಾಖಲಾತಿ ಪುಸ್ತಕ ತರಿಸಿ, ಬೆರಳಿಟ್ಟು ನನ್ನ ಹೆಸರನ್ನು ಹುಡುಕಿ, "ಇಲ್ಲೇ ಇದ್ದೀಯಲ್ಲಯ್ಯಾ" ಎಂದರು. ಆಮೇಲೆ ನನ್ನ ಕೈ ನೋಡಿದರು. ಏನನ್ನೂ ಕೇಳದೆ ಬರೆದು ಸಹಿ ಹಾಕಿದರು. ಹತ್ತು ವರ್ಷ ಎಲ್ಲಿಯೂ ಇಲ್ಲದವನಾಗಿದ್ದ ನಾನು ಒಂದು ಪುಸ್ತಕದಲ್ಲಿ ಉಳಿದುಕೊಂಡಿದ್ದೆ. 1981ರಲ್ಲಿ ಪಾಸಾದೆ, ಮರುವರ್ಷ ಟಿಸಿಎಚ್ ಸೇರಿದೆ, 1986ರಲ್ಲಿ ಮೇಷ್ಟ್ರಾದೆ. ಅಲ್ಲಿಂದ ಮುಂದಿನದು ನಿಮಗೆ ಗೊತ್ತಿರುವ ಕಥೆ.

ಗೊತ್ತಿಲ್ಲದ್ದು ಇನ್ನೊಂದಿದೆ. ಅದಕ್ಕಾಗಿಯೇ ಇಷ್ಟೆಲ್ಲ ಬರೆದೆ.

1996ರ ಚಳಿಗಾಲ. ಮದ್ದೂರು ತಾಲ್ಲೂಕಿನಲ್ಲಿ ನಾನಿದ್ದ ಶಾಲೆಯ ಹಿಂದಿನ ಬಯಲಿನಲ್ಲಿ ಬಳ್ಳಾರಿ ಕಡೆಯಿಂದ ಬಂದ ಕಬ್ಬು ಕಡಿಯುವವರ ಬಿಡಾರ. ಕಬ್ಬಿನ ಸೋಗೆಯ ಹತ್ತಿಪ್ಪತ್ತು ಗುಡಿಸಲು. ಗಂಡಹೆಂಡಿರು ನಸುಕಿಗೇ ಮಚ್ಚು ಹಿಡಿದು ಹೊರಟರೆ ಮಕ್ಕಳು ಗುಡಿಸಲು ಕಾಯಬೇಕು. ಅವರಲ್ಲಿ ಹತ್ತು ವರ್ಷದ ಒಬ್ಬ ಹುಡುಗ ತಂಗಿಯನ್ನು ಕಂಕುಳಲ್ಲಿಟ್ಟುಕೊಂಡು ನನ್ನ ತರಗತಿಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಒಳಗೆ ಕುಳಿತುಕೋ ಎಂದೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಊರಿನ ಶಾಲೆಯಿಂದ ವರ್ಗಾವಣೆ ಪತ್ರ ತಂದಿರಲಿಲ್ಲವಾದ್ದರಿಂದ ದಾಖಲು ಮಾಡಿಕೊಳ್ಳಲಿಲ್ಲ. ಆದರೆ ಲೆಕ್ಕದಲ್ಲಿ ಮಾತ್ರ ನನ್ನ ಹಾಜರಿಯ ಹುಡುಗರೆಲ್ಲರಿಗಿಂತ ಚುರುಕು. ಅಪ್ಪ ಕಡಿದ ಕಬ್ಬಿನ ಕಟ್ಟುಗಳನ್ನು ದಿನವೂ ಎಣಿಸಿ ಮೇಸ್ತ್ರಿಗೆ ಒಪ್ಪಿಸುತ್ತಿದ್ದವನು ಅವನೇ.

ಒಂದು ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಡಸ್ಟರು ಹಿಡಿದಿದ್ದ ನನ್ನ ಎಡಗೈಯನ್ನು ಅವನು ಬಹಳ ಹೊತ್ತು ನೋಡಿ, ಸಹಜವಾಗಿ ಕೇಳಿದ: "ಗಾಣದಾಗ ಸಿಕ್ಕಿತ್ತೇನ್ರೀ ಸಾರ್?"

ಹತ್ತು ವರ್ಷ ಪಾಠ ಹೇಳಿದ್ದೆ. ನೋಡಿದೊಡನೆ ಗುರುತಿಸಿದವನು ಅವನೊಬ್ಬನೇ. ತನ್ನವನೊಬ್ಬ ಈ ಕುರ್ಚಿಯಲ್ಲಿ ಕುಳಿತಿದ್ದಾನೆಂಬ ಸಂತೋಷ ಅವನ ಮುಖದಲ್ಲಿತ್ತು. ತರಗತಿಯೆಲ್ಲ ನನ್ನತ್ತ ನೋಡುತ್ತಿತ್ತು. "ಬಾಗಿಲಿಗೆ ಸಿಕ್ಕಿದ್ದು. ಅಧಿಕಪ್ರಸಂಗ ಮಾಡಬೇಡ, ಕೂತ್ಕೋ" ಎಂದು ಗದರಿದೆ. ಅವನು ಕುಳಿತ. ಮತ್ತೆಂದೂ ನನ್ನ ಕೈಯತ್ತ ನೋಡಲಿಲ್ಲ.

ಸಂಕ್ರಾಂತಿ ಕಳೆದು ಅವನ ತಂದೆ ಬಂದರು. "ನಾಳೆ ಮುಂದಿನ ಊರಿಗೆ ಹೊಂಟೀವ್ರಿ ಸಾರ್. ಹುಡುಗ ಇಲ್ಲಿ ಓದ್ಯಾನ ಅಂತ ಒಂದು ಚೀಟಿ ಬರ್ದು ಕೊಟ್ರ, ಅಲ್ಲಿ ಸಾಲಿಯಾಗ ತೋರಸ್ತೀನಿ" ಎಂದರು. ದಾಖಲಾಗದ ಹುಡುಗನಿಗೆ ಶಾಲೆಯ ಚೀಟಿ ಹೇಗೆ ಕೊಡುವುದು? ನಿಯಮವಿಲ್ಲ ಎಂದೆ. ನಿಯಮವಿರಲಿಲ್ಲ, ನಿಜ. ಆದರೆ ಒಬ್ಬ ಮೇಷ್ಟ್ರು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆಯುವುದನ್ನು ಯಾವ ನಿಯಮವೂ ತಡೆದಿರಲಿಲ್ಲ. "ಆಗ್ಲಿ ಬಿಡ್ರಿ ಸಾರ್" ಎಂದು ಕೈಮುಗಿದು, ಮಕ್ಕಳಿಗೆಂದು ತಂದಿದ್ದ ನಾಲ್ಕು ಜಲ್ಲೆ ಕಬ್ಬನ್ನು ಗೋಡೆಗೆ ಒರಗಿಸಿ ಹೋದರು. ಮರುದಿನ ಬಯಲು ಖಾಲಿ. ಒಲೆಯ ಕಲ್ಲುಗಳು ಮಾತ್ರ ಉಳಿದಿದ್ದವು.

ನನಗಾಗಿ ಒಬ್ಬರು ಹಳೆಯ ಪುಸ್ತಕ ತರಿಸಿ ಹೆಸರು ಹುಡುಕಿದ್ದರು. ನಾನು ಹೊಸ ಪುಸ್ತಕದಲ್ಲಿ ಒಂದು ಹೆಸರನ್ನು ಬರೆಯದೇ ಹೋದೆ. ನನ್ನ ಹಳೆಯ ಬದುಕು ಹೊರಗೆ ಬಂದೀತೆಂಬ ಅಂಜಿಕೆಗೆ ನಿಯಮದ ಅಂಗಿ ತೊಡಿಸಿದ್ದೆ, ಅಷ್ಟೇ.

ಕಾಲ ಬದಲಾಯಿತು. 2001ರಲ್ಲಿ ಸರ್ವ ಶಿಕ್ಷಣ ಅಭಿಯಾನ ಬಂದಿತು, ವಲಸೆ ಮಕ್ಕಳಿಗೆಂದು ಟೆಂಟ್ ಶಾಲೆಗಳ ಮಾತು ಕೇಳಿಬಂದಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಐದನೆಯ ಸೆಕ್ಷನ್ನು, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಮಗುವಿನ ದಾಖಲಾತಿಯನ್ನು ತಡಮಾಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ ಎಂದು ಹೇಳುತ್ತದೆ. ಆ ಸಾಲನ್ನು ಸುತ್ತೋಲೆಯಲ್ಲಿ ಓದಿದ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಅಂದಿನಿಂದ 2016ರಲ್ಲಿ ನಿವೃತ್ತನಾಗುವವರೆಗೆ, ಬಿಡಾರ ಕೀಳುವ ಮುನ್ನ ನಾನೇ ಹೋಗಿ ಪ್ರತಿ ಮಗುವಿನ ಕೈಗೂ ಯಾವ ತರಗತಿ, ಎಲ್ಲಿಯವರೆಗೆ ಓದಿದೆ ಎಂದು ಬರೆದ ಚೀಟಿ ಕೊಡುತ್ತಿದ್ದೆ. ಅದರಿಂದ 1996ರ ಬಾಕಿ ತೀರಿತೆಂದು ಭಾವಿಸಿಲ್ಲ. ಆ ಹುಡುಗನಿಗೆ ಈಗ ನಲವತ್ತರ ಹತ್ತಿರ.

ಇಂದಿಗೂ ನಮ್ಮ ಸೀಮೆಗೆ ಕಬ್ಬು ಕಡಿಯಲು ದೂರದಿಂದ ಜನ ಬರುತ್ತಾರೆ. ಆಲೆಮನೆಗಳಲ್ಲಿ ಉತ್ತರ ಪ್ರದೇಶ, ಬಿಹಾರದ ಹುಡುಗರ ಹಿಂದಿ ಮಾತು ಕೇಳಿಸುತ್ತದೆ. 2023ರಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯಲ್ಲಿ ಮದ್ದೂರನ್ನೂ ಮಂಡ್ಯವನ್ನೂ ನೋಡದೆಯೇ ಕಾರುಗಳು ದಾಟಿಹೋಗುತ್ತವೆ.

ಅಂದು ಊಟವಾದ ಮೇಲೆ ಮೊಮ್ಮಗನನ್ನು ಜಗಲಿಗೆ ಕರೆದು ನಿಮಗೀಗ ಹೇಳಿದ್ದನ್ನೆಲ್ಲ ಹೇಳಿದೆ. ಹೋಗಬೇಡವೆನ್ನಲಿಲ್ಲ. "ಹೋಗಿ ಬಾ. ಕೂಲಿ ಮಾಡುವವರ ಜೊತೆ ನೀನೂ ಕೂತು ಉಣ್ಣು, ಅವರಿಂದ ಕಲಿ. ಆದರೆ ನಿನಗೆ ಬೇಸರವಾದ ದಿನ ಹಿಂತಿರುಗಲು ಮನೆಯಿದೆ, ಹೆಸರಿದೆ, ಸರ್ಟಿಫಿಕೇಟಿದೆ. ನಿನ್ನ ಪಕ್ಕದಲ್ಲಿ ಕುಳಿತವನಿಗೆ ಅವು ಇರಲಾರವು. ಅಷ್ಟನ್ನು ಮರೆಯಬೇಡ" ಎಂದೆ. ಅವನು ಬಹಳ ಹೊತ್ತು ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಿದ್ದ.

ನನ್ನ ಶಿಷ್ಯರಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ನಿಮ್ಮ ತರಗತಿಯ ಬಾಗಿಲಲ್ಲಿ ತಂಗಿಯನ್ನು ಎತ್ತಿಕೊಂಡ ಹುಡುಗನೊಬ್ಬ ಬಂದು ನಿಂತರೆ ಮೊದಲು ಅವನ ಹೆಸರು ಕೇಳಿ ಬರೆದುಕೊಳ್ಳಿ. ಮಿಕ್ಕ ಕಾಗದಪತ್ರ ಆಮೇಲೆ ನೋಡಿದರಾಯಿತು. ನಿಮ್ಮ ಮೇಷ್ಟ್ರು ತಪ್ಪಿದ ಲೆಕ್ಕವನ್ನು ನೀವಾದರೂ ಸರಿಯಾಗಿ ಮಾಡಿ.

ಎಲ್ಲರಿಗೂ ಒಳ್ಳೆಯದಾಗಲಿ.