ಮಗಳಿಗೊಂದು ಪಿಕಪ್

ಲಂಡನ್ನಿನ ಕನ್ನಡಿಗರಲ್ಲಿ ಪಿಕಪ್ ಗಾಡಿ ಬೇಕಾಗುವವರು ಕಡಿಮೆ. ನಮ್ಮವರಲ್ಲಿ ಡಾಕ್ಟರುಗಳಿದ್ದಾರೆ, ಸಾಫ್ಟ್‌ವೇರಿನವರು ಬೇಕಾದಷ್ಟಿದ್ದಾರೆ, ನನ್ನಂಥ ಲೆಕ್ಕಪತ್ರದವರೂ ಇದ್ದಾರೆ. ಮಕ್ಕಳನ್ನು ಶಾಲೆಗೆ ಬಿಡಲು, ವಾರಕ್ಕೊಮ್ಮೆ ವೆಂಬ್ಲಿಯ ಈಲಿಂಗ್ ರೋಡಿನಿಂದ ಸೊಪ್ಪು, ಬದನೆಕಾಯಿ ತರಲು ಒಂದು ಕಾರಿದ್ದರೆ ನಮ್ಮ ಸಂಸಾರ ನಡೆಯುತ್ತದೆ. ಹಾಗಾಗಿ 2025ರ ಆರಂಭದಲ್ಲಿ ನಾನು ಪಿಕಪ್ಪುಗಳ ಉದ್ದ, ಅಗಲ, ಹೊರೆ ಎಂದು ಹಾಳೆಗಟ್ಟಲೆ ಬರೆದುಕೊಂಡು ಕುಳಿತಿದ್ದಾಗ ಹ್ಯಾರೋದ ನನ್ನ ಗೆಳೆಯರಿಗೆ ಅದು ತಮಾಷೆಯಾಗಿ ಕಂಡಿತು. "ಏನ್ ಸ್ವಾಮಿ, ಊರಿಗೆ ಅಡಿಕೆ ಸಾಗಿಸ್ತೀರಾ?" ಎಂದರು.

ಗಾಡಿ ಬೇಕಾಗಿದ್ದು ಮಗಳಿಗೆ. ಅವಳು ಮರ ಹತ್ತುತ್ತಾಳೆ. ಇಲ್ಲಿ ಇದಕ್ಕೆ 'ಟ್ರೀ ಸರ್ಜನ್' ಎಂಬ ಗೌರವದ ಹೆಸರಿದೆ. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ, ಆರು ತಿಂಗಳು ಒಂದು ಆಫೀಸಿನಲ್ಲಿ ಕುಳಿತು, ಒಂದು ದಿನ ಸಂಜೆ ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಾ ತಾನು ಗಿಲ್ಡ್‌ಫರ್ಡ್ ಬಳಿಯ ಮೆರಿಸ್ಟ್ ವುಡ್ ಕಾಲೇಜಿಗೆ ಮರದ ಕೆಲಸ ಕಲಿಯಲು ಹೋಗುವುದಾಗಿ ಹೇಳಿದಳು. "ಸರ್ಜನ್ನಾ?" ಎಂದು ಊರಿನಿಂದ ಫೋನಿನಲ್ಲಿ ಕೇಳಿದ ನಮ್ಮತ್ತೆಗೆ ಅರ್ಧವೇ ಕೇಳಿಸಿತ್ತು. ಆ ಅರ್ಧದಲ್ಲೇ ಅವರು ಎರಡು ವರ್ಷ ಸಂತೋಷವಾಗಿದ್ದರು.

ನಮ್ಮದು ಸಾಗರದ ಕಡೆಯ ಅಡಿಕೆ ತೋಟದ ಮನೆ. ನಮ್ಮಲ್ಲಿ ಮರ ಹತ್ತುವವನನ್ನು ಕೊನೆಗಾರ ಎನ್ನುತ್ತಾರೆ. ಮಳೆಗಾಲಕ್ಕೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟಲು, ಕೊಳೆರೋಗ ಬರದಂತೆ ಮೈಲುತುತ್ತ–ಸುಣ್ಣದ ಔಷಧಿ ಹೊಡೆಯಲು, ಆಮೇಲೆ ಕೊಯ್ಲಿಗೆ ಅವನೇ ಬೇಕು. ಕಾಲಿಗೆ ಕುಣಿಕೆ ಸಿಕ್ಕಿಸಿಕೊಂಡು ಮೇಲೇರಿ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿಸಿ ದಾಟಿಬಿಡುತ್ತಿದ್ದ. ಕೆಳಗೆ ನಿಂತು "ಆ ಕೊನೆ ಬಿಟ್ಟೆಯಲ್ಲೋ" ಎಂದು ಕೂಗುವುದು ನಮ್ಮ ಮನೆತನದ ಗಂಡಸರ ಕೆಲಸ. ಕೊನೆಗಾರನಿಗೆ ಅಂಗಳದಲ್ಲಿ ಊಟ; ಅವನಿಲ್ಲದೆ ಒಂದು ಅಡಿಕೆಯೂ ಅಂಗಳಕ್ಕೆ ಇಳಿಯುತ್ತಿರಲಿಲ್ಲ ಎಂಬುದು ಬೇರೆ ಮಾತು. ಈಗ ಅವನನ್ನು ಹುಡುಕಿಕೊಂಡು ಹೋಗಿ ಕಾಯುವ ಕಾಲ ಬಂದಿದೆ. ಆ ಮನೆಯ ಮೊಮ್ಮಗಳು ಹಗ್ಗ ಕಟ್ಟಿಕೊಂಡು ಪಿನ್ನರ್‌ನ ಯಾರದೋ ಹಿತ್ತಿಲ ಓಕ್ ಮರದ ನೆತ್ತಿಯಲ್ಲಿ ತೂಗಾಡುವುದನ್ನು ಕೆಳಗೆ ನಿಂತು ನೋಡಿದಾಗ ನನಗೆ ಕೂಗಲು ಏನೂ ತೋಚಲಿಲ್ಲ.

ಲಂಡನ್ನಿನ ಕನ್ನಡ ಸಮಾರಂಭಗಳ ಊಟದ ಸಾಲಿನಲ್ಲಿ "ಮಗಳು ಏನು ಮಾಡ್ಕೊಂಡಿದ್ದಾಳೆ?" ಎಂಬ ಪ್ರಶ್ನೆ ತಪ್ಪುವುದಿಲ್ಲ. ಉತ್ತರ ಕೇಳಿದ ಮೇಲೆ "ಓ, ಹೌದಾ... ಮುಂದೆ?" ಎಂಬುದೂ ತಪ್ಪುವುದಿಲ್ಲ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಇದೆಯಲ್ಲ, ಊರಿನಿಂದ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ದು ಫೋಟೋ ತೆಗೆಸುತ್ತೇವೆ, ಕಾಯಕದ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ. ಮನೆ ಮಕ್ಕಳ ಕಾಯಕ ಮಾತ್ರ ಕುರ್ಚಿಯ ಮೇಲಿರಲಿ ಎಂದು ಬಯಸುತ್ತೇವೆ.

ಇರಲಿ, ಗಾಡಿಯ ವಿಷಯಕ್ಕೆ ಬರುತ್ತೇನೆ. ಮೂರು ವರ್ಷ ಬೇರೆಯವರ ಕೈಕೆಳಗೆ ದುಡಿದು ಅವಳು ಸ್ವಂತ ಕೆಲಸ ಶುರುಮಾಡುವುದೆಂದಾಯಿತು. ಇಬ್ಬರು ಆಳು, ಚೈನ್‌ಸಾಗಳು, ಹಗ್ಗಗಳು, ಹಿಂದೆ ಕಟ್ಟಿಕೊಂಡು ಎಳೆಯಲು ಮುಕ್ಕಾಲು ಟನ್ನಿನ ಚಿಪ್ಪರ್ ಯಂತ್ರ. ಈ ಕಸುಬಿನ ಹಳಬರು ಟಿಪ್ಪರ್ ಇಟ್ಟುಕೊಳ್ಳುತ್ತಾರೆ. ಅದು ಮುಂದಿನ ಮಾತು ಎಂದಳು. ಈಗಿನ ಮಟ್ಟಿಗೆ ಹುಲ್ಲಿನ ಮೇಲೆ, ಕೆಸರಿನಲ್ಲಿ ಸಿಕ್ಕಿಕೊಳ್ಳದ ಫೋರ್ ವೀಲ್ ಡ್ರೈವ್ ಪಿಕಪ್ ಸಾಕು. ಎರಡು ಗಾಡಿಗಳು ಕಣ್ಣಿಗೆ ಬಿದ್ದವು. ಒಂದು 2019ರ ಟೊಯೋಟಾ ಹೈಲಕ್ಸ್. ಇನ್ನೊಂದು, ರಾಮ್‌ಫರ್ಡ್ ಕಡೆಯವರೊಬ್ಬರು ಅಮೆರಿಕದಿಂದ ತರಿಸಿದ್ದ ಫೋರ್ಡ್ ಎಫ್-150. ಬೆಲೆಯಲ್ಲಿ ಅಂಥ ದೊಡ್ಡ ಅಂತರವಿರಲಿಲ್ಲ.

ಇಲ್ಲಿ ಹೈಲಕ್ಸನ್ನು ಯಾರೂ ಮಧ್ಯಮ ಗಾತ್ರದ ಗಾಡಿ ಎನ್ನುವುದಿಲ್ಲ, ಇಂಗ್ಲೆಂಡಿನ ರಸ್ತೆಗೆ ಅದೇ ದೊಡ್ಡದು. ಅಮೆರಿಕದವರ ಅಳತೆಗೋಲಿನಲ್ಲಿ ಮಾತ್ರ ಅದು ನಡುವಿನದು, ಪೂರ್ತಿ ಗಾತ್ರದ್ದೆಂದರೆ ಈ ಫೋರ್ಡ್. ಟೆಕ್ಸಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಹೈಲಕ್ಸಿನ ಚಿತ್ರ ಕಳಿಸಿದರೆ "ಇದು ಕಾಲೇಜು ಹುಡುಗರು ಓಡಿಸೋದಲ್ವೇನೋ?" ಎಂದ.

ಮಗಳ ಮನಸ್ಸು ಫೋರ್ಡ್ ಕಡೆಗಿತ್ತು. ನಾನು ಅಂದುಕೊಂಡಂತೆ ಅದು ಷೋಕಿಯಲ್ಲ. ಕೆಲಸಕ್ಕೆ ಹೋದಲ್ಲೆಲ್ಲ ಬಾಗಿಲು ತೆರೆದವರು ಅವಳ ತಲೆಯ ಮೇಲಿಂದ ಆಚೆ ನೋಡಿ, ಜೊತೆಗೆ ಬಂದ ಬಿಳಿಯ ಹುಡುಗನನ್ನು ಮಾತಾಡಿಸುತ್ತಾರಂತೆ. "ನಿಮ್ಮ ಬಾಸ್ ಯಾವಾಗ ಬರ್ತಾರೆ?" ಎಂದು ಅವಳನ್ನೇ ಕೇಳಿದವರಿದ್ದಾರೆ. "ಅಪ್ಪಾ, ನಾನಿರೋದು ಐದಡಿ ಎರಡಂಗುಲ. ನಾನು ಕೆಳಗಿಳಿಯೋ ಮೊದಲೇ ಗಾಡಿ ಮಾತಾಡಿ ಮುಗಿಸಿರಬೇಕು" ಎಂದಳು. ಈ ದೇಶದಲ್ಲಿ ಇಪ್ಪತ್ತೆಂಟು ವರ್ಷ ಟೈ ಕಟ್ಟಿಕೊಂಡು ಓಡಾಡಿದವನಿಗೆ ಆ ಮಾತು ಅರ್ಥವಾಗದೆ ಹೋಗುವುದಿಲ್ಲ. ನನ್ನ ಟೈ ಕೂಡ ನನಗಿಂತ ಮೊದಲು ಮಾತಾಡಲೆಂದೇ ಇದ್ದದ್ದು. ಹಾಗಾಗಿ ಬೇಡ ಎನ್ನಲಿಲ್ಲ. ಅಳೆದು ನೋಡೋಣ ಎಂದೆ.

ಅಳತೆಯಲ್ಲಿ ಮೊದಲು ಬೆರಗಾಗಿಸಿದ್ದು ಹೊರೆ. ಅಮೆರಿಕದ ಗಾಡಿಗಳ ಬಾಗಿಲ ಅಂಚಿನಲ್ಲಿ, ಜನ ಮತ್ತು ಸರಕು ಸೇರಿ ಇಷ್ಟು ತೂಕ ಮೀರಬಾರದು ಎಂದು ಬರೆದ ಚೀಟಿ ಅಂಟಿಸಿರುತ್ತಾರೆ. ಆ ಫೋರ್ಡಿನ ಚೀಟಿಯಲ್ಲಿದ್ದದ್ದು 771 ಕೆಜಿ. ಹೈಲಕ್ಸ್ ಹೊರುವುದು ಸಾವಿರ ಕೆಜಿಗಿಂತ ತುಸು ಹೆಚ್ಚು. ಆನೆಯಂಥ ಗಾಡಿಗಿಂತ ಪಕ್ಕದ ಕರು ಕಾಲು ಟನ್ ಜಾಸ್ತಿ ಹೊರುತ್ತದೆ ಎಂದರೆ ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಕನ್ನಡಕ ಹಾಕಿಕೊಂಡು ಓದಿದೆ. ಎಫ್-150ರಲ್ಲಿ ಹೆಚ್ಚು ಹೊರುವ ಮಾದರಿಗಳೂ ಇವೆ. ನಾವು ನೋಡಿದ್ದು ನಾಲ್ಕು ಬಾಗಿಲು, ಚರ್ಮದ ಸೀಟು, ಮೆತ್ತನೆಯ ಸ್ಪ್ರಿಂಗಿನ, ಸಂಸಾರ ಸಾಗಿಸುವ ಗಾಡಿ. ಆ ವರ್ಗದ ಗಾಡಿಗಳನ್ನು ಅಮೆರಿಕದವರೇ ಇಂದಿಗೂ 'ಹಾಫ್ ಟನ್' ಎಂದು ಕರೆಯುತ್ತಾರೆ.

ಹಾಗಾದರೆ ಇಲ್ಲಿನ ಪಿಕಪ್ಪುಗಳೆಲ್ಲ ಸರಿಯಾಗಿ ಒಂದು ಟನ್ನಿನ ಗೆರೆ ದಾಟಿ ನಿಲ್ಲುವುದೇಕೆ? ಇದು ಎಂಜಿನಿಯರಿಂಗಿಗಿಂತ ಹೆಚ್ಚಾಗಿ ನಮ್ಮ ಲೆಕ್ಕದವರ ಕರಾಮತ್ತು. ಎರಡು ಸಾಲು ಸೀಟಿನ ಪಿಕಪ್ ಒಂದು ಟನ್ ಅಥವಾ ಹೆಚ್ಚು ಹೊರುವಂತಿದ್ದರೆ ಬ್ರಿಟನ್ನಿನ ತೆರಿಗೆ ಇಲಾಖೆ ಅದನ್ನು ಸರಕಿನ ಗಾಡಿ ಎಂದು ಒಪ್ಪುತ್ತಿತ್ತು, ಕಡಿಮೆಯಾದರೆ ಕಾರು. ಹಿಂಭಾಗಕ್ಕೆ ಗಟ್ಟಿ ಮುಚ್ಚಳ ಹಾಕಿಸಿದರೆ ಅದಕ್ಕೆ 45 ಕೆಜಿ ಎಂದು ಹಿಡಿದು ಕಳೆಯಬೇಕೆಂಬ ನಿಯಮವೂ ಇದೆ. ನನ್ನ ವೃತ್ತಿಯಲ್ಲಿ ಇಂಥ 45 ಕೆಜಿಗಳಿಂದಲೇ ಸುಖ ಸಿಗುವುದು. ಅಂದರೆ ತೆರಿಗೆಯವರ ಕಣ್ಣಿಗೆ ಆ ದೈತ್ಯ ಫೋರ್ಡ್ ಕಾರು, ಹೈಲಕ್ಸ್ ಸರಕಿನ ಗಾಡಿ. ಸರಕಿನ ಗಾಡಿಯಾದರೆ ಕೊಂಡ ವರ್ಷವೇ ಪೂರ್ತಿ ಬೆಲೆಯನ್ನು ಲಾಭದಿಂದ ಕಳೆಯಬಹುದು. ಇಷ್ಟು ಹೊಗೆ ಬಿಡುವ ಕಾರಾದರೆ ವರ್ಷಕ್ಕೆ ನೂರಕ್ಕೆ ಆರರಂತೆ, ಅದೂ ಉಳಿದ ಮೊತ್ತದ ಮೇಲೆ.

ಇದಕ್ಕೂ ಗಡುವು ಬಂದಿತ್ತು. 2024ರ ಫೆಬ್ರವರಿಯಲ್ಲಿ ಇಲಾಖೆ ಎರಡು ಸಾಲಿನ ಪಿಕಪ್ಪುಗಳನ್ನೆಲ್ಲ ಕಾರೆಂದೇ ಎಣಿಸುತ್ತೇವೆ ಎಂದಿತು. ರೈತರೂ ವ್ಯಾಪಾರದವರೂ ಗದ್ದಲ ಎಬ್ಬಿಸಿದ್ದೇ, ಒಂದೇ ವಾರದಲ್ಲಿ ಮಾತು ಹಿಂತೆಗೆದುಕೊಂಡಿತು. ಅಕ್ಟೋಬರ್ 30ರ ಬಜೆಟ್ಟಿನಲ್ಲಿ ಹೊಸ ಸರ್ಕಾರ ಅದೇ ಮಾತನ್ನು ಮತ್ತೆ ತಂದಿತು, 2025ರ ಏಪ್ರಿಲಿನಿಂದ ಜಾರಿ. ಮಗಳಂಥ ಒಂಟಿ ವ್ಯಾಪಾರಿಗಳಿಗೆ ಏಪ್ರಿಲ್ 6 ಗೆರೆ. ನಮಗೆ ಉಳಿದಿದ್ದು ಆರೇಳು ವಾರ.

ಹೊಗೆಯ ಲೆಕ್ಕ ಬೇರೆ. ಲಂಡನ್ನಿನ ಅತಿ ಕಡಿಮೆ ಹೊಗೆಯ ವಲಯ, ಎಲ್ಲರ ಬಾಯಲ್ಲಿ ಯುಲೆಜ್, 2023ರ ಆಗಸ್ಟ್ 29ರಿಂದ ಇಡೀ ನಗರಕ್ಕೆ ಹಬ್ಬಿತು. ನಮ್ಮ ಹ್ಯಾರೋ ಕೌನ್ಸಿಲ್ ಕೂಡ ಇನ್ನು ಕೆಲವು ಕೌನ್ಸಿಲ್‌ಗಳೊಡನೆ ಹೈಕೋರ್ಟಿಗೆ ಹೋಗಿ ಸೋತಿತ್ತು. ಡೀಸೆಲ್ ಗಾಡಿ ಯೂರೋ 6 ದರ್ಜೆಯದ್ದಲ್ಲದಿದ್ದರೆ ದಿನಕ್ಕೆ 12.50 ಪೌಂಡ್. ಹೈಲಕ್ಸ್ ಆ ದರ್ಜೆಯದ್ದೇ, ಚಿಂತೆಯಿರಲಿಲ್ಲ. ಹೊರಗಿನಿಂದ ತರಿಸಿದ ಗಾಡಿಯಾದರೆ ಅದರ ಯೋಗ್ಯತೆಯನ್ನು ಕಾಗದಪತ್ರ ತೋರಿಸಿ ಸಾಬೀತು ಮಾಡಬೇಕು. ವಲಸೆ ಬಂದವರಿಗೆ ಇದೇನು ಹೊಸದೇ!

ಇಷ್ಟೆಲ್ಲ ಹೇಳಿದರೂ ಮಗಳು ಜಗ್ಗಲಿಲ್ಲ. "ನಿನ್ನ ಹಾಳೆ ಸರಿಯಾಗಿದೆ ಅಪ್ಪ. ಆದ್ರೆ ಬಾಗಿಲಲ್ಲಿ ನಿಂತವರು ಹಾಳೆ ಓದಲ್ಲ" ಎಂದಳು. ಅವಳಮ್ಮ ಒಳಗಿನಿಂದಲೇ, "ರೀ, ನೀವು ಕೊಳ್ತಿರೋದಲ್ಲ, ಅವಳೇ ಓಡಿಸಿ ನೋಡಲಿ ಬಿಡಿ" ಎಂದಳು. ಒಂದು ಭಾನುವಾರ ಹೋದೆವು.

ಎಡಗಡೆ ಸ್ಟೀರಿಂಗ್. ಮಗಳು ಫುಟ್‌ಪಾತಿನ ಪಕ್ಕಕ್ಕೆ, ನಾನು ರಸ್ತೆಯ ನಡುವಿಗೆ. ಎದುರಿನ ಬಸ್ಸುಗಳೆಲ್ಲ ನನ್ನ ಮೊಣಕೈ ಸವರಿಕೊಂಡೇ ಹೋದಂತಾಯಿತು. ಲಂಡನ್ನಿನ ಮನೆಗಳ ನಡುವಿನ ಎಷ್ಟೋ ರಸ್ತೆಗಳಲ್ಲಿ ಲಾರಿಗಳು ನುಗ್ಗದಂತೆ ಎರಡು ಕಂಬ ನೆಟ್ಟು ಕಿಂಡಿ ಮಾಡಿರುತ್ತಾರೆ: ಕೆಲವು ಏಳಡಿ, ಕೆಲವು ಆರೂವರೆ ಅಡಿ. ಏಳಡಿಯ ಒಂದು ಕಿಂಡಿಯ ಮುಂದೆ ಅವಳು ಗಾಡಿ ನಿಲ್ಲಿಸಿದಳು. ಎಫ್-150ರ ಮೈ 2.03 ಮೀಟರ್ ಅಗಲ. ಕನ್ನಡಿ ಮಡಚಿದರೆ 2.12, ಬಿಚ್ಚಿದರೆ 2.43. ಏಳಡಿ ಎಂದರೆ 2.13. ಕನ್ನಡಿ ಮಡಚಿ ನುಗ್ಗಿಸಿದರೂ ಎರಡೂ ಕಡೆ ಸೇರಿ ಉಳಿಯುವುದು ಒಂದು ಸೆಂಟಿಮೀಟರ್. ಆರೂವರೆ ಅಡಿಯ ಕಿಂಡಿಗೆ ಅದರ ಬರಿಯ ಮೈಯೇ ಹಿಡಿಸುವುದಿಲ್ಲ. ಹೈಲಕ್ಸಿನ ಮೈ 1.855. ಅವಳು ಇಳಿದು ಕಂಬದ ಮೇಲೆ ಕೈಯಿಟ್ಟು ನೋಡಿದಳು; ಬಗೆಬಗೆಯ ಬಣ್ಣದ ಗೀರುಗಳಿದ್ದವು. ಹಿಂದೆ ನಾಲ್ಕು ಕಾರು ಸೇರಿ ಹಾರ್ನ್ ಹೊಡೆಯತೊಡಗಿದವು. ರಿವರ್ಸ್ ತೆಗೆಯಲು ನಾನು ಕೆಳಗಿಳಿದು ಆ ಕಾರುಗಳವರನ್ನೆಲ್ಲ ಬೇಡಿಕೊಳ್ಳಬೇಕಾಯಿತು. ಒಬ್ಬಾತ ಕಿಟಕಿ ಇಳಿಸಿ, ಈ ಗಾಡಿಗೆ ಹಡಗುಕಟ್ಟೆ ಬೇಕು ಎಂದ.

ಮುಂದೆ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ನಿಲ್ಲಿಸಿದೆವು. ಈ ದೇಶದ ಮಾಮೂಲಿ ಪಾರ್ಕಿಂಗ್ ಜಾಗ 4.8 ಮೀಟರ್ ಉದ್ದ, 2.4 ಅಗಲ. ಹೈಲಕ್ಸ್ ಕೂಡ ಅದರಲ್ಲಿ ಅರ್ಧ ಮೀಟರ್ ಹೊರಗೆ ಚಾಚುತ್ತದೆ. ಫೋರ್ಡ್ ಒಂದು ಮೀಟರಿಗೂ ಮಿಕ್ಕಿ. ಮಗಳು ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಅವಳ ಗಿರಾಕಿಗಳೆಲ್ಲ ಹಳೆಯ ಬಡಾವಣೆಗಳ ಸಣ್ಣ ರಸ್ತೆಯವರು. ಕನ್ಸರ್ವೇಶನ್ ಏರಿಯಾಗಳಲ್ಲಿ ಮರ ಮುಟ್ಟಬೇಕಾದರೆ ಆರು ವಾರ ಮುಂಚೆ ಕೌನ್ಸಿಲ್‌ಗೆ ತಿಳಿಸಬೇಕು. ಅಷ್ಟು ಕಾದು, ಕೆಲಸದ ದಿನ ಗಾಡಿಯನ್ನು ಎರಡು ಬೀದಿ ಆಚೆ ನಿಲ್ಲಿಸಿ ಕೊಂಬೆಗಳನ್ನು ಹೊತ್ತು ತರುವುದೆಂದರೆ? ಹಸಿ ಓಕ್ ಒಂದು ಘನ ಮೀಟರಿಗೆ ಸುಮಾರು ಒಂದು ಟನ್ ತೂಗುತ್ತದೆ. "ಮರದ ಹತ್ತಿರವೇ ಹೋಗಕ್ಕಾಗಲ್ಲ ಇದು" ಎಂದಳು, ಅಷ್ಟೇ. ನಾನು ಬಾಯಿ ತೆರೆಯಲಿಲ್ಲ.

ಮಾರ್ಚ್ ಕೊನೆಯ ವಾರ ಹೈಲಕ್ಸ್ ಬಂತು. ಊರಿಗೆ ಫೋನು ಮಾಡಿದಾಗ ಅಣ್ಣನ ಮಗ ಕೇಳಿದ, "ಎಷ್ಟು ಕ್ವಿಂಟಲ್ ಹೇರಬಹುದು?" ಅವನು ಬೊಲೆರೊ ಪಿಕಪ್ಪಿನಲ್ಲಿ ಅಡಿಕೆ, ಗೊಬ್ಬರ, ಕೆಲವೊಮ್ಮೆ ದಿಬ್ಬಣವನ್ನೂ ಸಾಗಿಸುವವನು. ಹತ್ತು ಎಂದೆ. "ಅಷ್ಟೇನಾ?" ಎಂದು ನಕ್ಕ. ಅವನ ಗಾಡಿಯಲ್ಲಿ ಹತ್ತು ಕ್ವಿಂಟಲೆಂದರೆ ಖಾಲಿ ಹೋದ ಲೆಕ್ಕ. ಇಲ್ಲಿ ಹೆಚ್ಚು ಹೇರಿ ಸಿಕ್ಕಿಬಿದ್ದರೆ ದಂಡ ಎಂದರೆ, "ಸಿಕ್ಕಿಬಿದ್ರೆ ತಾನೆ ಚಿಕ್ಕಪ್ಪ" ಎಂದ.

ಬಾಸ್ ಎಲ್ಲಿ ಎನ್ನುವ ಪ್ರಶ್ನೆಗೆ ಮಗಳು ಬೇರೆ ದಾರಿ ಕಂಡುಕೊಂಡಳು. ಎರಡೂ ಬಾಗಿಲುಗಳ ಮೇಲೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಗೇಣು ಎತ್ತರಕ್ಕೆ ಬರೆಸಿದಳು. ಅದರ ಕೆಳಗೆ ಕನ್ನಡದಲ್ಲಿ 'ಕೊನೆಗಾರ' ಎಂದು. ಹಾಗೆ ಬರೆಸುವುದು ಅವಳಿಗೇ ಹೊಳೆದದ್ದು. ಊರಿಗೆ ಹೋದಾಗಲೆಲ್ಲ ಕೊನೆಗಾರನ ಹಿಂದೆ ಬಿದ್ದು ಗಂಟು ಹಾಕುವುದನ್ನು ಕಲಿತವಳು. ಫೋಟೋ ನೋಡಿದ ನಮ್ಮತ್ತೆಗೆ ಈಗ ಪೂರ್ತಿ ಅರ್ಥವಾಗಿದೆ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಅಷ್ಟು ಎತ್ತರ ಹತ್ತುವವಳಿಗೆ ಬೆಳಿಗ್ಗೆ ಹೊಟ್ಟೆಗೇನು ಕೊಡ್ತೀರಿ ಎಂದು ವಿಚಾರಿಸಿದರು.

ಕೊಳ್ಳುವಾಗ ನನ್ನ ಹಾಳೆಯಲ್ಲಿ ಇಲ್ಲದಿದ್ದ ಒಂದು ಬಾಬತ್ತು ಆಮೇಲೆ ಸೇರಿತು. ರಾತ್ರಿ ಹೊತ್ತು ಗಾಡಿ ಒಡೆದು ಹತಾರ ಕದಿಯುವುದು ಲಂಡನ್ನಿನಲ್ಲಿ ದೊಡ್ಡ ಕಾಟ, ಯಾವ ಗಾತ್ರದ ಗಾಡಿಯಾದರೂ ಅಷ್ಟೇ. ಹಾಗಾಗಿ ಪ್ರತಿ ಸಂಜೆ ಚೈನ್‌ಸಾಗಳು, ಹಾರ್ನೆಸ್, ಹಗ್ಗದ ಚೀಲಗಳು ಒಳಗೆ ಬರುತ್ತವೆ. ಅವನ್ನು ಇಳಿಸಲು ಈಗ ನಾನೂ ಹೋಗುತ್ತೇನೆ. ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ ನಾಲ್ಕು ಗರಗಸ ಸಾಲಾಗಿ ಕೂರುತ್ತವೆ, ಮನೆಯೆಲ್ಲ ಪೆಟ್ರೋಲು, ಹಸಿ ಮರದ ಘಾಟು. ನನ್ನ ಹೆಂಡತಿ ದೇವರ ಮುಂದೆ ಹಚ್ಚುತ್ತಿದ್ದ ಊದುಬತ್ತಿಯನ್ನು ಈಗ ಬಾಗಿಲ ಬಳಿಯೂ ಒಂದು ಹಚ್ಚುತ್ತಾಳೆ.